ಹೆರಳು ಹೋಯಿತು, ಬಾಬ್ ಬಂತು, ಅವ್ವ ಮಾತು ಬಿಟ್ಟಳು

ಸಂಜೆ ಆರೂವರೆಗೆ ಮನೆಗೆ ಬಂದೆ. ತಲೆಗೆ ದುಪಟ್ಟಾ ಸುತ್ತಿಕೊಂಡಿದ್ದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು ದುಪಟ್ಟಾ ತೆಗೆದೆ. ಬಡಿಯುವ ಸದ್ದು ನಿಂತಿತು.

"ಎಲ್ಲಾ ತಗಿಸಿ ಬಂದೇನು?"

ಅಷ್ಟೇ ಕೇಳಿದ್ದು. ಮತ್ತೆ ರೊಟ್ಟಿ ಬಡಿಯೋಕೆ ಶುರು ಮಾಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ಮೂರು ದಿನ ಅವಳು ನನ್ನ ಜೊತೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು: "ನಳಾ ಬಂದಾವ." "ಚಾ ಐತಿ." "ಬಸ್ಸಿಗೆ ಹೊತ್ತಾತು."

ನನಗೆ 27 ವರ್ಷ. ಮನೆ ಲೋಕಾಪುರದಲ್ಲಿ, ಕೆಲಸ ಮುಧೋಳದ ಒಂದು ಬ್ಯಾಂಕ್ ಶಾಖೆಯಲ್ಲಿ. ದಿನಾ ಬಸ್ಸಿನ ಓಡಾಟ. ಸೊಂಟ ಮುಟ್ಟುವ ಹೆರಳು ಬಿಟ್ಟು ಗದ್ದದ ಉದ್ದದ ಟೆಕ್ಸ್ಚರ್ಡ್ ಬಾಬ್‌ಗೆ ಬಂದು ಈಗ ಆರು ತಿಂಗಳಾಯ್ತು. ಈ ಆರು ತಿಂಗಳಲ್ಲಿ ಕೂದಲಿನ ಬಗ್ಗೆ ನಾನು ಕಲಿತದ್ದು ಹಿಂದಿನ ಇಪ್ಪತ್ತಾರು ವರ್ಷಗಳಲ್ಲಿ ಕಲಿತಿರಲಿಲ್ಲ. ಬಾಬ್ ಮಾಡಿಸಬೇಕು ಅಂತ ಫೋನಿನಲ್ಲಿ ಫೋಟೋ ಸೇವ್ ಮಾಡಿಟ್ಟುಕೊಂಡು ಕೂತಿರುವ ನನ್ನಂಥವರಿಗೆ ಅದು ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಒಂದೊಂದು ಎಳೆ ಬಿಡಿಸಿದ ಮೂರು ದಿನ

ಕಳೆದ ಏಪ್ರಿಲ್‌ನಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಎರಡು ವಾರಕ್ಕೂ ಹೆಚ್ಚು ಹಾಸಿಗೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಜ್ವರದ ಬೆವರು. ತಲೆ ಬಾಚಿಕೊಳ್ಳುವ ಶಕ್ತಿ ಇರಲಿಲ್ಲ, ಇನ್ನೊಬ್ಬರಿಂದ ಮುಟ್ಟಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಜ್ವರ ಬಿಟ್ಟು ಎದ್ದು ಕೂತಾಗ ಹಿಂದಲೆಯ ಕೂದಲೆಲ್ಲ ಗಂಟಾಗಿ ಹಗ್ಗದ ಹಾಗೆ ಹೆಣೆದುಕೊಂಡಿತ್ತು.

ನೋಡೋಕೆ ಬಂದ ಓಣಿಯ ಹಿರಿಯರೊಬ್ಬರು ಅದನ್ನು ಮುಟ್ಟಿ ನೋಡಿ ದನಿ ಇಳಿಸಿದರು. "ಜಡಿ ಬಂದಂಗ ಐತಿ ಯವ್ವಾ. ಕತ್ತರಿ ಹಚ್ಚಬ್ಯಾಡ್ರಿ. ಒಮ್ಮೆ ಗುಡ್ಡಕ್ಕ ಹೋಗಿ ಕೇಳ್ಕೊಂಡ ಬರ್ರಿ."

ನಮ್ಮ ಕಡೆಯವರಿಗೆ ಈ ಮಾತಿನ ಅರ್ಥ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ಗುಡ್ಡ ಅಂದರೆ ಸವದತ್ತಿ ಯಲ್ಲಮ್ಮನ ಗುಡ್ಡ. ಹೆಣ್ಣುಮಗಳ ತಲೆಯಲ್ಲಿ ಕೂದಲು ಜಡೆಗಟ್ಟಿದರೆ ಅದು ದೇವಿಯ ಕರೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ತಲೆತಲಾಂತರದಿಂದ ಇತ್ತು. ಆ ನಂಬಿಕೆಯ ಹೆಸರಲ್ಲಿ ಎಷ್ಟೋ ಹುಡುಗಿಯರನ್ನು ದೇವದಾಸಿ ಪದ್ಧತಿಗೆ ಬಿಟ್ಟರು. ದೇವದಾಸಿ ಸಮರ್ಪಣೆ ನಿಷೇಧಿಸಿ ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 1982ರಲ್ಲಿ. ಈಗ ಯಾರೂ ನನ್ನನ್ನು ಎಲ್ಲಿಗೂ ಬಿಡುತ್ತಿರಲಿಲ್ಲ, ಅದು ನನಗೂ ಗೊತ್ತು, ಅವ್ವನಿಗೂ ಗೊತ್ತು. ಆದರೂ ಆ ಮಾತು ಕೇಳಿದ ಮೇಲೆ ಅವಳ ಮುಖವೇ ಬದಲಾಯ್ತು.

ಅವತ್ತು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟುಕೊಂಡು ನನ್ನ ಹಿಂದೆ ಕೂತಳು. ತುದಿಯಿಂದ ಶುರು ಮಾಡಿ ಒಂದೊಂದು ಎಳೆ ಬಿಡಿಸಿದಳು. ಹಣಿಗೆ ಹಲ್ಲು ಮುರಿದಾಗ ಕೂದಲಪಿನ್ನು ತಗೊಂಡಳು. ಪೂರಾ ಮೂರು ದಿನ. ಗಂಟು ಅಂದ್ರೆ ಬೆವರು, ಧೂಳು, ಎಣ್ಣೆಜಿಡ್ಡು, ಬಾಚದೆ ಬಿಟ್ಟದ್ದು. ಅದರಾಚೆ ಏನೂ ಇಲ್ಲ ಅಂತ ಅವಳ ಕೈ ಓಣಿಗೆ ಉತ್ತರ ಕೊಡ್ತಿತ್ತು. ಮೂರನೇ ದಿನ ಸಂಜೆ ಬಿಗಿಯಾಗಿ ಹೆರಳು ಹಾಕಿ, ಎಲ್ಲರಿಗೂ ಕಾಣುವಂತೆ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದಳು.

ನಾನು ಕತ್ತರಿಸಿ ಬಂದದ್ದು ಆ ಕೂದಲನ್ನೇ.

ಜ್ವರ ಹೋದ ಮೇಲೆ ಕೂದಲು ಹೋಗುತ್ತದೆ

ಜುಲೈ ಬರುವ ಹೊತ್ತಿಗೆ ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ರೊಟ್ಟಿ ಹಿಟ್ಟಿನಲ್ಲಿ ಕೂಡ ನನ್ನದೇ ಕೂದಲು. ಹೆರಳು ಕೆಳಗೆ ಹೋಗ್ತಾ ಇಲಿಬಾಲದಂತಾಯ್ತು. ಅವ್ವ ಚೌರಿ ತಂದುಕೊಟ್ಟಳು. ಚೌರಿ ಸೇರಿಸಿ ಹೆಣೆದರೆ ಉಳಿದ ಕೂದಲಿಗೂ ಭಾರ, ತಲೆನೋವು ಬೇರೆ.

ಚರ್ಮರೋಗದ ಡಾಕ್ಟರು ಹೇಳಿದ್ದು ಸರಳವಾಗಿತ್ತು. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್ ಆದಾಗ ಮೈಗೆ ಆಘಾತವಾಗಿ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ. ಅವು ಉದುರುವುದು ಕಾಯಿಲೆಯ ದಿನಗಳಲ್ಲಲ್ಲ, ಎರಡು ಮೂರು ತಿಂಗಳ ನಂತರ. ಬೇರೆ ಕಾರಣ ಇಲ್ಲದಿದ್ದರೆ ಸುಮಾರು ಆರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ, ಹೊಸದು ಹುಟ್ಟುತ್ತದೆ. ರಕ್ತದಲ್ಲಿ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ, ಚೆನ್ನಾಗಿ ಊಟ ಮಾಡಿ, ಕಾಯಿರಿ ಅಂದರು.

"ಕತ್ತರಿಸಿದರೆ ದಪ್ಪ ಬೆಳೆಯುತ್ತಾ?" ಅಂತ ಕೇಳಿದೆ. ಇಲ್ಲ ಅಂದರು. ಬೇರು ಇರುವುದು ತಲೆಯ ಚರ್ಮದ ಒಳಗೆ, ಹೊರಗಿನ ಕೂದಲಿಗೆ ಜೀವವಿಲ್ಲ. ಕತ್ತರಿಸಿದ್ದು ಬೇರಿಗೆ ಗೊತ್ತೇ ಆಗುವುದಿಲ್ಲ. ಆದರೆ ತೆಳುವಾದ ತುದಿಗಳು ಹೋದರೆ ಇರುವ ಕೂದಲು ತುಂಬಿದಂತೆ ಕಾಣುತ್ತದೆ. ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತಿತು.

ಮೊದಲ ಸಲ: ಫೋಟೋ ತೋರಿಸಿ ಕೆಟ್ಟೆ

ಮೊದಲು ಹೋದ ಪಾರ್ಲರಿನ ಹೆಸರು ಬೇಡ, ಊರೂ ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ. ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಫೋಟೋ ತೋರಿಸಿ "ಸೇಮ್ ಹಿಂಗ" ಅಂದೆ. ಫೋಟೋದ ಹುಡುಗಿಯದು ನೇರ ಕೂದಲು, ಉದ್ದ ಮುಖ. ನನ್ನದು ಅಲೆಯಲೆ ಕೂದಲು, ದುಂಡು ಮುಖ. ಆಕೆ ಕೂದಲು ಒದ್ದೆ ಮಾಡಿ, ಗದ್ದದ ಸಾಲಿಗೆ ಗೆರೆ ಎಳೆದಂತೆ ಕತ್ತರಿಸಿ, ಆಮೇಲೆ ಟೆಕ್ಸ್ಚರ್ ಅಂತ ಹಲ್ಲುಕತ್ತರಿಯನ್ನು ಬುಡದ ಹತ್ತಿರದಿಂದಲೇ ಆಡಿಸಿದಳು. ಅಂಗಡಿಯ ಕನ್ನಡಿಯಲ್ಲಿ ಡ್ರೈಯರ್ ಹಿಡಿದು ನೇರ ಮಾಡಿ ತೋರಿಸಿದಾಗ ಚೆನ್ನಾಗೇ ಇತ್ತು.

ಮರುದಿನ ತಲೆ ತೊಳೆದೆ. ಒದ್ದೆಯಿದ್ದಾಗ ಹಿಗ್ಗಿದ್ದ ಕೂದಲು ಒಣಗಿದ ಮೇಲೆ ಒಂದಿಂಚು ಮೇಲೆ ಹೋಯ್ತು. ನೆತ್ತಿ ಚಪ್ಪಟೆ, ಕಿವಿಯ ಕೆಳಗೆ ಅಗಲ: ಪಕ್ಕಾ ಗುಡಿಯ ಗಂಟೆ. ಬುಡದಲ್ಲಿ ತುಂಡಾದ ಸಣ್ಣ ಕೂದಲುಗಳು ಮುಳ್ಳಿನಂತೆ ಎದ್ದು ನಿಂತವು. ತಮ್ಮ ಹಲ್ಲುಜ್ಜುತ್ತಾ ಬಂದವನು ಒಂದು ಕ್ಷಣ ನೋಡಿ, "ಅಕ್ಕಾ, ಮನ್ಯಾಗರ ಹೆಲ್ಮೆಟ್ ತಗೀಯಲಾ" ಅಂದ. ಅವ್ವ ನಗಲಿಲ್ಲ.

ಕತ್ತರಿಸಿದ ಹೆರಳನ್ನು ಒಂದು ಪೇಪರ್ ಕವರಿನಲ್ಲಿ ಮನೆಗೆ ತಂದಿದ್ದೆ. ಅದನ್ನು ಅವ್ವ ಸುಮ್ಮನೆ ತಗೊಂಡು ಹೋಗಿ ಟ್ರಂಕಿನಲ್ಲಿಟ್ಟಳು. ನಮ್ಮ ಓಣಿಗೆ ಕೂದಲು ಕೊಳ್ಳುವವರು ಬರ್ತಾರೆ. ಬಾಚಿದಾಗ ಬಂದ ಕೂದಲಿನ ಉಂಡೆ ಕೊಟ್ಟರೆ ಪಾತ್ರೆನೋ ಪಿನ್ನೋ ಕೊಡ್ತಾರೆ. ಹಾಗೆ ಮನೆಮನೆಯಿಂದ ಹೋಗುವ ಕೂದಲನ್ನು ಬಿಡಿಸಿ, ತೊಳೆದು, ಜೋಡಿಸುವ ದೊಡ್ಡ ಉದ್ಯಮವೇ ಕೊಪ್ಪಳದ ಭಾಗ್ಯನಗರದಲ್ಲಿದೆ. ಅವತ್ತಿನ ವಾರವೂ ಅವರು ಬಂದಿದ್ದರು. ಅವ್ವ ಉಂಡೆ ಕೊಟ್ಟಳು, ಹೆರಳು ಕೊಡಲಿಲ್ಲ.

ಕೂದಲಿನ ಜಗಳ ಇವತ್ತಿನದಲ್ಲ

ಮುನಿಸಿನ ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದ್ದು ಬಾಬ್‌ನ ಇತಿಹಾಸ. ಸಮಾಧಾನ ಸಿಕ್ಕಿತು, ಯಾಕಂದ್ರೆ ಈ ಕಟ್ ಹೋದಲ್ಲೆಲ್ಲ ಮನೆಯಲ್ಲಿ ಜಗಳ ಹಚ್ಚಿದೆ. ಅಮೆರಿಕದ ಲೇಖಕ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1920ರಲ್ಲಿ 'ಬರ್ನಿಸ್ ಬಾಬ್ಸ್ ಹರ್ ಹೇರ್' ಅಂತ ಒಂದು ಕಥೆ ಬರೆದ. ಅದರಲ್ಲಿ ಹುಡುಗಿಯೊಬ್ಬಳು ಮಾತಿಗೆ ಕಟ್ಟುಬಿದ್ದು ಬಾಬ್ ಮಾಡಿಸಿಕೊಂಡು ಪೇಚಿಗೆ ಸಿಕ್ಕಿಬೀಳುತ್ತಾಳೆ. ನೂರು ವರ್ಷ ಹಿಂದಿನ ಆ ಹುಡುಗಿಗೂ ನನಗೂ ಒಂದೇ ಪೇಚು! 1963ರಲ್ಲಿ ಲಂಡನ್ನಿನ ವಿಡಾಲ್ ಸಸೂನ್ ನಟಿ ನ್ಯಾನ್ಸಿ ಕ್ವಾನ್‌ಳ ಉದ್ದ ಕೂದಲನ್ನು ಬಾಬ್ ಮಾಡಿದ. ಸೆಟ್ ಮಾಡಿ ಗಟ್ಟಿಯಾಗಿ ಕೂರಿಸುವ ಬದಲು, ತೊಳೆದು ತಲೆ ಅಲುಗಿಸಿದರೆ ತಾನೇ ಜಾಗಕ್ಕೆ ಬಂದು ಕೂರಬೇಕು ಅನ್ನೋದು ಅವನ ಕತ್ತರಿಯ ಲೆಕ್ಕ. ಇವತ್ತಿನ ಬಾಬ್‌ಗಳಿಗೂ ಅದೇ ಲೆಕ್ಕ.

ನಮ್ಮಲ್ಲಿ 1960ರ 'ಲವ್ ಇನ್ ಶಿಮ್ಲಾ' ಸಿನಿಮಾದಲ್ಲಿ ಸಾಧನಾ ಹಣೆಯ ಮೇಲೆ ಕೂದಲು ಇಳಿಬಿಟ್ಟದ್ದು ಅವಳ ಅಗಲ ಹಣೆಗೆ ಹೊಂದಲಿ ಅಂತ. ದೇಶವೆಲ್ಲ 'ಸಾಧನಾ ಕಟ್' ಮಾಡಿಸಿತು, ಹಣೆ ಸಣ್ಣದಿದ್ದವರೂ ಮಾಡಿಸಿದರು. ಫೋಟೋ ತೋರಿಸಿ ಕೆಟ್ಟವಳು ನಾನೊಬ್ಬಳೇ ಅಲ್ಲ ಅಂತ ಅನಿಸಿತು.

ಇನ್ನು ನಮ್ಮ ತಾಲ್ಲೂಕಿನ ಕವಿ ರನ್ನ. ಮುಧೋಳದವನು, 949ರಲ್ಲಿ ಹುಟ್ಟಿದವನು. ಅವನ 'ಗದಾಯುದ್ಧ'ದಲ್ಲಿ ಭೀಮನ ಸಿಟ್ಟಿನ ಹಿಂದೆ ಇರುವುದೇ ದ್ರೌಪದಿಯ ಬಿಚ್ಚಿದ ಮುಡಿ. ಕಟ್ಟಿದರೆ ಒಂದು ಅರ್ಥ, ಬಿಚ್ಚಿದರೆ ಒಂದು, ಜಡೆಗಟ್ಟಿದರೆ ಇನ್ನೊಂದು. ನಮ್ಮ ನಾಡಿನಲ್ಲಿ ಹೆಣ್ಣಿನ ಕೂದಲು ಎಂದಾದರೂ ಬರೀ ಕೂದಲಾಗಿತ್ತೇ? ಅವ್ವನ ಮೌನವನ್ನು ಸ್ವಲ್ಪ ಸ್ವಲ್ಪ ಅರ್ಥ ಮಾಡಿಕೊಳ್ಳೋಕೆ ಶುರು ಮಾಡಿದೆ.

ಎರಡನೇ ಸಲ: ಮೂರು ಪ್ರಶ್ನೆ

ಗಂಟೆ ತಲೆ ಹೊತ್ತುಕೊಂಡು ಎಷ್ಟು ದಿನ ಬ್ಯಾಂಕಿಗೆ ಹೋಗೋದು? ಸಹೋದ್ಯೋಗಿಯೊಬ್ಬರು ಬಾಗಲಕೋಟೆ ನವನಗರದ ಒಬ್ಬ ಅಕ್ಕನ ಪಾರ್ಲರ್ ಹೇಳಿದರು. ಭಾನುವಾರ ಬಸ್ ಹತ್ತಿದೆ.

ಅಕ್ಕ ಕತ್ತರಿ ಮುಟ್ಟಲೇ ಇಲ್ಲ. ಕೂದಲು ಒಣಗಿದ್ದಾಗ ಬೆರಳಾಡಿಸಿ ನೋಡಿದರು. ನೆತ್ತಿಯ ಸುಳಿ ಎಲ್ಲಿದೆ, ಕುತ್ತಿಗೆಯ ಹಿಂದೆ ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಅಂತ ನೋಡಿದರು. ನನಗೆ ಎರಡು ಸುಳಿ. ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ಚಿಕ್ಕಂದಿನಿಂದ ಕಾಡಿಸಿದ್ದಾರೆ. "ಮದವಿ ವಿಚಾರ ನನಗ ಗೊತ್ತಿಲ್ರಿ. ಆದ್ರ ಎರಡು ಸುಳಿ ಇದ್ದಲ್ಲಿ ಭಾಳ ಗಿಡ್ಡ ಮಾಡಿದ್ರ ಕೂದ್ಲಾ ಎದ್ದ ನಿಂದ್ರತಾವ" ಅಂದರು. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ:

"ವಾರಕ್ಕ ಎಷ್ಟ ಸಲ ತಲಿ ತೊಳೀತೀರಿ?"

"ಮುಂಜಾನೆ ತಲಿಗೆ ಎಷ್ಟ ನಿಮಿಷ ಕೊಡಾಕ ಆಗ್ತೈತಿ?"

"ನಿಮ್ಮನಿ ನೀರ ಎಂಥಾವು?"

ಮೊದಲ ಪಾರ್ಲರಿನಲ್ಲಿ ಇದ್ಯಾವುದನ್ನೂ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನ್ನ ಉತ್ತರ: ವಾರಕ್ಕೆ ಎರಡು ಸಲ, ಹತ್ತು ನಿಮಿಷ, ಬೋರ್ ನೀರು. "ಹಂಗಾದ್ರ ದಿನಾ ಮಷೀನ್ ಹಿಡಿಯೋ ಕಟ್ ನಿಮಗ ಬ್ಯಾಡ. ತಾನಾ ಒಣಗಿದ್ರೂ ಚಂದ ಕಾಣೋದ ಮಾಡೋಣು" ಅಂದರು.

ಅವತ್ತು ಉದ್ದ ಮುಟ್ಟಲಿಲ್ಲ. ಒಳಗಿನ ಭಾರ ಮಾತ್ರ ಸ್ವಲ್ಪ ಇಳಿಸಿದರು. "ಕೂದ್ಲಾ ತಿಂಗಳಿಗೆ ಒಂದ್ ಸೆಂಟಿಮೀಟರ್ ಬೆಳೀತಾವ. ಆರು ವಾರ ಬಿಟ್ಟ ಬರ್ರಿ, ಆಕಾರ ಕೊಡ್ತೀನಿ." ಆರು ವಾರ ಕಾದು ಹೋದೆ. ಈಗಿರುವ ಬಾಬ್ ಅದೇ.

ಟೆಕ್ಸ್ಚರ್ ಅಂದರೆ ಏನು?

ಬಾಬ್ ಅಂದರೆ ಕಿವಿಯಿಂದ ಭುಜದ ನಡುವೆ ಎಲ್ಲೋ ನಿಲ್ಲುವ ಕಟ್. ತುದಿ ಒಂದೇ ಗೆರೆಯಲ್ಲಿದ್ದರೆ ಬ್ಲಂಟ್ ಬಾಬ್. ಹಿಂದೆ ಗಿಡ್ಡ, ಮುಂದೆ ಉದ್ದ ಇದ್ದರೆ ಎ-ಲೈನ್. ಕಾಲರ್ ಎಲುಬಿನ ತನಕ ಬಂದರೆ ಲಾಬ್, ಅಂದರೆ ಲಾಂಗ್ ಬಾಬ್. ತುದಿಗಳನ್ನು ಬೇಕಂತಲೇ ಸ್ವಲ್ಪ ಮೇಲೆ ಕೆಳಗೆ ಮಾಡಿ, ಒಳಗೆ ಪದರ ಕೊಟ್ಟು, ಕೂದಲು ಹಗುರವಾಗಿ ಅಲುಗುವಂತೆ ಮಾಡಿದರೆ ಅದು ಟೆಕ್ಸ್ಚರ್ಡ್ ಬಾಬ್.

ಅದನ್ನು ತರುವ ದಾರಿ ಮೂರು ನಾಲ್ಕಿವೆ. ಕತ್ತರಿಯ ತುದಿಯನ್ನು ಕೂದಲಿನ ತುದಿಗೆ ನೇರವಾಗಿ ಹಿಡಿದು ಚುಕ್ಕಿ ಇಟ್ಟಂತೆ ಕತ್ತರಿಸುವುದು ಪಾಯಿಂಟ್ ಕಟಿಂಗ್. ಬಹುತೇಕ ಎಲ್ಲ ಕೂದಲಿಗೂ ಇದು ಸುರಕ್ಷಿತ. ಹಲ್ಲುಕತ್ತರಿ ದಪ್ಪ ಕೂದಲಿನ ಭಾರ ಇಳಿಸೋಕೆ ಒಳ್ಳೆಯದು, ಆದರೆ ಬುಡದಿಂದ ದೂರ, ಕೆಳಭಾಗದಲ್ಲಿ ಮಾತ್ರ. ರೇಜರ್‌ನಿಂದ ಕೆರೆದಂತೆ ಕತ್ತರಿಸಿದರೆ ನೇರ ಕೂದಲಿಗೆ ಚೆಂದದ ಹರಿತ ತುದಿ ಬರುತ್ತದೆ. ಗುಂಗುರು, ಒರಟು ಕೂದಲಿಗೆ ಅದೇ ರೇಜರ್ ತುದಿ ಸೀಳಿ ಪೊದೆ ಮಾಡುತ್ತದೆ.

ಮುಖಕ್ಕೆ ಹೊಂದಿಸುವುದಕ್ಕೂ ಕೆಲವು ಲೆಕ್ಕಗಳಿವೆ:

• ದುಂಡು ಮುಖ: ಗದ್ದದಲ್ಲೇ ನಿಲ್ಲಿಸಬೇಡಿ. ಒಂದಿಂಚು ಕೆಳಗೆ ಬರಲಿ. ಅಡ್ಡಬೈತಲೆ, ಮುಂದಿನ ಕೂದಲು ಸ್ವಲ್ಪ ಉದ್ದ.

• ಉದ್ದ ಮುಖ: ಗದ್ದದ ಉದ್ದವೇ ಸರಿ. ಹಣೆಯ ಮೇಲೆ ತೆಳುವಾಗಿ ಕೂದಲು ಬಿಟ್ಟರೆ ಇನ್ನೂ ಚೆಂದ.

• ಚೌಕ ದವಡೆ: ದವಡೆಯ ಮೂಲೆಯಲ್ಲೇ ಗೆರೆ ಬೇಡ. ತುದಿಗಳು ಮೃದುವಾಗಿರಲಿ.

• ತೆಳು ಕೂದಲು: ಕೆಳಗಿನ ಅಂಚು ತುಂಬಿರಲಿ, ಟೆಕ್ಸ್ಚರ್ ಮೇಲಿನ ಪದರದಲ್ಲಿ ಹಗುರವಾಗಿ. ಪದರ ಹೆಚ್ಚಾದರೆ ಇರುವುದೂ ಹೋಯ್ತು.

• ದಪ್ಪ ಕೂದಲು: ಒಳಪದರ ಬೇಕೇ ಬೇಕು. ಇಲ್ಲದಿದ್ದರೆ ನನ್ನ ಗಂಟೆ ನಿಮಗೂ.

• ಗುಂಗುರು ಕೂದಲು: ಒಣಗಿದ್ದಾಗಲೇ ಕತ್ತರಿಸಲು ಹೇಳಿ. ಬೇಕಾದ್ದಕ್ಕಿಂತ ಒಂದೆರಡು ಇಂಚು ಉದ್ದವಾಗಿಯೇ ಬಿಡಿಸಿ. ಮುಂದೆ ಕತ್ತರಿಸಬಹುದು, ಅಂಟಿಸೋಕಾಗಲ್ಲ.

ಲೋಕಾಪುರದ ಕಲ್ಲು, ಲೋಕಾಪುರದ ನೀರು

ಅಕ್ಕ ನೀರಿನ ಬಗ್ಗೆ ಯಾಕೆ ಕೇಳಿದರು ಅಂತ ಆಮೇಲೆ ಗೊತ್ತಾಯ್ತು. ಸುಣ್ಣದ ಕಲ್ಲಿಗೆ ನಮ್ಮ ಭಾಗ ಹೆಸರುವಾಸಿ. ಸಿಮೆಂಟ್ ಫ್ಯಾಕ್ಟರಿಗಳು ಸುಮ್ಮನೆ ಬಂದಿಲ್ಲ. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ, ಲೋಕಾಪುರ ಉಪಸಮೂಹ ಅಂತ. ಅದರಲ್ಲಿ ಸುಣ್ಣದ ಕಲ್ಲು, ಡಾಲಮೈಟ್ ಇವೆ. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ, ಡಾಲಮೈಟಿನಲ್ಲಿ ಅದರ ಜೊತೆ ಮೆಗ್ನೀಸಿಯಂ. ಇಂಥ ಕಲ್ಲಿನ ನಡುವೆ ಹಾದು ಬರುವ ನೀರು ಗಡಸಾಗುತ್ತದೆ. ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದು ನಿಮ್ಮ ಮನೆಯಲ್ಲೂ ಇದ್ದರೆ, ಅದೇ ಪದರ ತೆಳುವಾಗಿ ಕೂದಲ ಮೇಲೂ ಕೂರುತ್ತದೆ ಅಂತ ತಿಳಿಯಿರಿ.

ಉದ್ದ ಹೆರಳಿನಲ್ಲಿ ಇದು ಅಷ್ಟು ಕಾಣಲ್ಲ, ಹೆಣೆದು ಬಿಟ್ಟರೆ ಮುಗೀತು. ಬಾಬ್‌ನಲ್ಲಿ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಅಲುಗಬೇಕು. ಸುಣ್ಣ ಕೂತರೆ ಕೂದಲು ಒರಟಾಗಿ, ಮಂಕಾಗಿ, ಬಣವೆಯ ಹುಲ್ಲಿನಂತಾಗುತ್ತದೆ.

ನಾನು ಮಾಡುವುದು ಇಷ್ಟು. ತಲೆಗೆ ಮೈಸೋಪು ಹಚ್ಚುವುದಿಲ್ಲ, ಗಡಸು ನೀರಿನಲ್ಲಿ ಸೋಪು ಮಡ್ಡಿಯಾಗಿ ಅಂಟಿಕೊಳ್ಳುತ್ತದೆ. ಶಾಂಪೂ ಅಡ್ಡಿಯಿಲ್ಲ. ಕೊನೆಯ ಎರಡು ತಂಬಿಗೆಗೆ ಫಿಲ್ಟರ್ ನೀರು, ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು. ಎರಡು ವಾರಕ್ಕೊಮ್ಮೆ ಒಂದು ಮಗ್ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ತೊಳೆದು, ಮತ್ತೆ ನೀರು ಹಾಕಿಕೊಳ್ತೀನಿ. ತಲೆಯಲ್ಲಿ ಗಾಯ, ತುರಿಕೆ ಇದ್ದವರು ಇದನ್ನು ಮಾಡಬೇಡಿ. ಆಯಿ ಕಾಲದ ಸೀಗೆಕಾಯಿ ಕೂಡ ಸ್ವಲ್ಪ ಹುಳಿ ಗುಣದ್ದೇ, ಹಾಗಾಗಿ ಈ ನೀರಿಗೆ ಹೊಂದುತ್ತಿತ್ತು. ಆದರೆ ಗಿಡ್ಡ ಕೂದಲಿನಲ್ಲಿ ಪುಡಿ ಉಳಿದರೆ ಹೊಟ್ಟಿನಂತೆ ಕಾಣುತ್ತದೆ, ಚೆನ್ನಾಗಿ ಸೋಸಿ ಬಳಸಿ.

ಮುಂಜಾನೆಯ ಹತ್ತು ನಿಮಿಷ

ತಲೆ ತೊಳೆದ ದಿನ ಟವೆಲಿನಿಂದ ಉಜ್ಜುವುದಿಲ್ಲ. ಹಳೆಯ ಕಾಟನ್ ಬಟ್ಟೆಯಿಂದ ಒತ್ತಿ ನೀರು ತೆಗೀತೀನಿ. ಅಗಲ ಹಲ್ಲಿನ ಹಣಿಗೆಯಿಂದ ಒಮ್ಮೆ ಬಿಡಿಸಿ, ಕಡಲೆ ಗಾತ್ರದ ಲೀವ್-ಇನ್ ಕ್ರೀಮ್ ಅಂಗೈಗೆ ಹಚ್ಚಿ, ಕೂದಲನ್ನು ಕೆಳಗಿನಿಂದ ಮೇಲೆ ಮುಷ್ಟಿಯಲ್ಲಿ ಹಿಡಿದು ಬಿಡ್ತೀನಿ. ಅಲೆ ಎದ್ದು ಬರೋದು ಅಲ್ಲೇ. ಆಮೇಲೆ ಚಾ ಕುಡಿಯುವ ತನಕ ಮುಟ್ಟಲ್ಲ. ಮುಟ್ಟಿದಷ್ಟೂ ಕೂದಲು ಕೆದರುತ್ತದೆ.

ತೊಳೆಯದ ದಿನ ಅಂಗೈಗೆ ಸ್ವಲ್ಪ ನೀರು ಮಾಡಿಕೊಂಡು ಮಲಗಿದ ಗುರುತು ಇರುವ ಕಡೆ ಮಾತ್ರ ಒದ್ದೆ ಮಾಡಿ ಬೆರಳಲ್ಲೇ ಸರಿಮಾಡ್ತೀನಿ. ಮದುವೆ, ಮೀಟಿಂಗ್ ಇದ್ದ ದಿನ ಮಾತ್ರ ಸ್ಟ್ರೈಟ್ನರ್. ಪೂರ್ತಿ ಒಣಗಿದ ಕೂದಲಿಗೆ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ, 150ರಿಂದ 180 ಡಿಗ್ರಿಯೊಳಗೆ, ಮೇಲಿನ ಕೆಲವು ಎಳೆಗಳನ್ನು ಮಾತ್ರ ಒಂದು ಒಳಗೆ, ಒಂದು ಹೊರಗೆ ತಿರುಗಿಸೋದು. ಎಲ್ಲವನ್ನೂ ಒಂದೇ ಕಡೆ ತಿರುಗಿಸಿದರೆ ಮತ್ತೆ ಗಂಟೆ.

ಸಮುದ್ರದ ಉಪ್ಪಿನ ಸ್ಪ್ರೇ ಅಂತ ಆನ್‌ಲೈನಿನಲ್ಲಿ ಬಹಳ ಹೊಗಳ್ತಾರೆ. ಅದು ಕೂದಲಿಗೆ ಒರಟುತನ ಕೊಟ್ಟು ಟೆಕ್ಸ್ಚರ್ ತೋರಿಸುತ್ತದೆ. ನಮ್ಮ ನೀರೇ ಆ ಕೆಲಸ ಪುಕ್ಕಟೆ ಮಾಡುತ್ತಿದೆ, ಅದರ ಮೇಲೆ ಉಪ್ಪು ಯಾಕೆ?

ಬಸ್ಸಿನ ಕಿಟಕಿ, ಕಬ್ಬಿನ ಟ್ರ್ಯಾಕ್ಟರ್ ಧೂಳು ಇವಕ್ಕೆ ಮದ್ದು ಕಾಟನ್ ಸ್ಕಾರ್ಫ್. ಸ್ಕೂಟಿಯವರು ಹೆಲ್ಮೆಟ್ ಕೆಳಗೂ ಅದನ್ನೇ ಕಟ್ಟಿ. ಇಳಿದ ಮೇಲೆ ತಲೆ ಬಗ್ಗಿಸಿ ಎರಡು ಸಲ ಬೆರಳಾಡಿಸಿದರೆ ಸಾಕು. ಇಳಕಲ್ ಸೀರೆಗೆ ಬಾಬ್ ಹೊಂದುತ್ತಾ ಅಂತ ಕೇಳಿದವರು ಬಹಳ. ಹೊಂದುತ್ತೆ, ಕಿವಿಗೆ ದೊಡ್ಡ ಬೆಂಡೋಲೆ ಹಾಕಿ ನೋಡಿ. ಹೂ ಬೇಕಂದರೆ ಅಡ್ಡಬೈತಲೆಯ ಒಂದು ಬದಿ ಕಿವಿಯ ಹಿಂದೆ ಸರಿಸಿ, ಎರಡು ಪಿನ್ನು ಹಾಕಿ ಸಿಕ್ಕಿಸಿ.

ಕುರ್ಚಿಯಲ್ಲಿ ಕೂರುವ ಮುನ್ನ

• ನಿಮ್ಮಂಥದೇ ಕೂದಲಿರುವವರ ಫೋಟೋ ಹುಡುಕಿ. ಬೇಡವಾದ ಕಟ್‌ನ ಫೋಟೋ ಕೂಡ ಒಂದಿರಲಿ.

• ತೊಳೆದು, ತಾನೇ ಒಣಗಿದ, ಎಣ್ಣೆ ಹಚ್ಚದ ಕೂದಲಲ್ಲಿ ಹೋಗಿ. ನಿಜವಾದ ಸ್ವಭಾವ ಅವರಿಗೆ ಕಾಣಲಿ.

• ಉದ್ದವನ್ನು ಇಂಚಿನಲ್ಲಿ ಹೇಳಬೇಡಿ, ಬೆರಳಿಟ್ಟು ತೋರಿಸಿ.

• ಮೊದಲು ಲಾಬ್ ಮಾಡಿಸಿ ಒಂದು ತಿಂಗಳು ಇದ್ದು ನೋಡಿ. ಧೈರ್ಯ ಬಂದರೆ ಮುಂದಿನ ಸಲ ಬಾಬ್.

• ಆರರಿಂದ ಎಂಟು ವಾರಕ್ಕೊಮ್ಮೆ ಟ್ರಿಮ್ ಬೇಕು. ಆ ಖರ್ಚು, ಆ ಬಸ್ ಚಾರ್ಜು ಮೊದಲೇ ಲೆಕ್ಕ ಹಾಕಿ.

• ಸಿಟ್ಟಿನಲ್ಲಿ, ಅಳುತ್ತಾ, ಮದುವೆಯ ಹಿಂದಿನ ದಿನ ಕತ್ತರಿಸಬೇಡಿ.

• ಮನೆಯವರಿಗೆ ಮೊದಲೇ ಹೇಳಿ. ಅಪ್ಪಣೆ ಕೇಳಿ ಅಂತಲ್ಲ. ಹೇಳಿ ಅಷ್ಟೇ.

ಕೊನೆಯದನ್ನು ನಾನು ಮಾಡಲಿಲ್ಲ.

ಅವ್ವ

ಜನವರಿಯಲ್ಲಿ ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬಂದರು. ಅವ್ವ ಚೌರಿ ತೆಗೆಯಬಹುದು, ಸೆರಗು ಹೊದಿಸಬಹುದು ಅಂತ ಎಣಿಸಿದ್ದೆ. ಎರಡೂ ಮಾಡಲಿಲ್ಲ. ಅವಲಕ್ಕಿ ಕೊಟ್ಟಾದ ಮೇಲೆ ಹುಡುಗನ ಅತ್ತೆ ನನ್ನ ತಲೆಯನ್ನೇ ನೋಡುತ್ತಾ, "ಕೂದ್ಲಾ ಮೊದಲಿಂದೂ ಇಷ್ಟ ಏನ್ರಿ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು:

"ಇಲ್ರಿ. ಜ್ವರಾ ಬಂದಿತ್ತು, ಉದುರಿದ್ವು, ಕತ್ತರಿಸ್ಯಾಳ. ಚಾ ತಗೋರಿ."

ಅವರಿಂದ ಇನ್ನೂ ಫೋನ್ ಬಂದಿಲ್ಲ. ಅವ್ವ ಅದರ ಬಗ್ಗೆ ಕೇಳಿಲ್ಲ, ನಾನೂ ಕೇಳಿಲ್ಲ.

ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ನಾನೇ ಮಾತು ತೆಗೆದೆ. "ಮೂರು ದಿನ ಕುಂತು ಬಿಡಿಸಿದ್ದಿ, ನಿನಗ ಹೇಳಲಾರದ ಕತ್ತರಿಸಿ ಬಂದೆ. ತಪ್ಪಾತು." ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕತ್ತರಿಸಿದ್ದಕ್ಕ ಅಲ್ಲ. ನೀ ಸಾಲಿಗೆ ಹೋಗೋವಾಗ ದಿನಾ ಮುಂಜಾನೆ ನನ್ನ ಮುಂದ ಬಂದ ಕುಂಡ್ರತಿದ್ದಿ. ನೌಕರಿ ಬಂದ ಮ್ಯಾಲ ಐತವಾರ ಒಂದ ಉಳಿದಿತ್ತು. ಇನ್ನ ಯಾಕ ಬಂದ ಕುಂಡ್ರತಿ ಅನಿಸ್ತು" ಅಂದಳು.

ಗಂಟೆಯ ಆಕಾರ, ಓಣಿಯ ಮಾತು, ಗಂಡಿನ ಕಡೆಯವರು ಎಲ್ಲವನ್ನೂ ಯೋಚಿಸಿದ್ದೆ. ಇದೊಂದು ನನಗೆ ಹೊಳೆದಿರಲಿಲ್ಲ.

ಈಗ ಐತವಾರ ಮುಂಜಾನೆ ತಲೆ ತೊಳೆಯುವ ಒಂದು ತಾಸು ಮೊದಲು ಅವಳ ಮುಂದೆ ಹೋಗಿ ಕೂರ್ತೀನಿ. ಬಾಬ್‌ಗೆ ದಿನವಿಡೀ ಎಣ್ಣೆ ಇರಬಾರದು, ಅಂಟಿಕೊಂಡು ಆಕಾರ ಹೋಗುತ್ತೆ. ತೊಳೆಯುವ ಮುಂಚೆ ಎಷ್ಟು ಹಚ್ಚಿದರೂ ಅಡ್ಡಿಯಿಲ್ಲ. ಹಚ್ಚೋಕೆ ಐದು ನಿಮಿಷ ಸಾಕು. ಮೊದಲು ಒಂದು ತಿಂಗಳಿಗೆ ಮುಗಿಯುತ್ತಿದ್ದ ಎಣ್ಣೆ ಬಾಟಲಿ ಈಗ ಮೂರು ತಿಂಗಳು ಬರುತ್ತೆ. ಉಳಿದ ಹೊತ್ತು ಸುಮ್ಮನೆ ಬೆರಳಾಡಿಸ್ತಾ ಓಣಿಯ ಸುದ್ದಿ ಹೇಳ್ತಾಳೆ.

ಹೋದ ವಾರ ಬೆರಳು ನೆತ್ತಿಯ ಹತ್ತಿರ ನಿಂತಿತು. "ಇಲ್ನೋಡ. ಹೊಸಾವು ಹುಟ್ಯಾವ." ಕನ್ನಡಿಯಲ್ಲಿ ನೋಡಿದೆ. ಬೈತಲೆಯ ಉದ್ದಕ್ಕೂ ಸಣ್ಣ ಸಣ್ಣ ಕೂದಲು, ನೆಟ್ಟಗೆ ನಿಂತಿದ್ದವು. ಸ್ಟೈಲಿಂಗ್ ದೃಷ್ಟಿಯಿಂದ ಅವು ತಲೆನೋವು. ಇನ್ನು ಆರು ತಿಂಗಳು ಹಾಗೇ ಎದ್ದು ನಿಲ್ಲುತ್ತವೆ. ನಿಲ್ಲಲಿ ಬಿಡಿ.

20ನೇ ತಾರೀಖು ನನ್ನ ಟ್ರಿಮ್ ಇದೆ. ಅವ್ವನೂ ಬಾಗಲಕೋಟೆಗೆ ಬರ್ತಾಳಂತೆ. ಪಾರ್ಲರಿಗೆ ಅಲ್ಲ, ಸೀರೆ ನೋಡೋದಿದೆಯಂತೆ. ಆದರೆ ನಿನ್ನೆ ಸುಮ್ಮನೆ ಕೇಳಿದಳು, "ಆ ಅಕ್ಕಾರು ತುದಿ ಅಷ್ಟ ಸರಿ ಮಾಡಿ ಕೊಡ್ತಾರೇನ?"